ಬೀಗರ ಜಗಳ, ಬೀಜಿಂಗ್ ಕುರ್ಚಿ

1916ರ ನಂತರ ಚೀನಾದಲ್ಲಿ ಬಡಿದಾಡಿಕೊಂಡ ಸೇನಾ ಬಣಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹಾಸನದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಕರಾರು ಮೂರು. ವು ಪೈಫು ಶಾಂದೊಂಗ್ ಪ್ರಾಂತದವನು ಎಂದು ಬರೆದು, ಎರಡೇ ಸಾಲು ಬಿಟ್ಟು ಅವನನ್ನು ಝಿಲಿ ಬಣದ ದಂಡನಾಯಕ ಎಂದಿದ್ದೀರಿ, ಯಾವುದು ತಪ್ಪು? 1920ರಲ್ಲಿ ಅನ್ಹುಯಿ ಬಣ ನೆಲಕಚ್ಚಿತು ಅಂದವರು 1924ರಲ್ಲಿ ಅದರ ನಾಯಕನನ್ನೇ ಬೀಜಿಂಗಿನಲ್ಲಿ ಕೂರಿಸಿದ್ದೀರಿ, ಅದು ಹೇಗೆ? ಇವರನ್ನೆಲ್ಲ ‘ಪಾಳೆಯಗಾರರು’ ಅನ್ನಬಹುದೆ?

ಮೇಷ್ಟ್ರೇ, ಮೊದಲನೆಯದು ತಪ್ಪಲ್ಲ. ಆದರೆ ಓದುಗರಿಗೆ ತಪ್ಪಾಗಿ ಕಾಣುವ ಹಾಗೆ ಬರೆದದ್ದು ನಮ್ಮದೇ ತಪ್ಪು.

ಅನ್ಹುಯಿ, ಝಿಲಿ, ಫೆಂಗ್‌ತಿಯೆನ್ ಅಂದರೆ ಪ್ರಾಂತಗಳ ಹೆಸರು, ನಿಜ. ಹಾಗೆಂದು ಪ್ರಾಂತಕ್ಕೂ ಪ್ರಾಂತಕ್ಕೂ ನಡೆದ ಕಾಳಗ ಇದಲ್ಲ. 1916ರ ಜೂನ್ 6ರಂದು ಚೀನಾದ ಅಧ್ಯಕ್ಷ ಯುವಾನ್ ಶಿಕಾಯ್ ತೀರಿಕೊಂಡಾಗ ಅವನು ಬೆಳೆಸಿದ ಬೈಯಾಂಗ್ ಸೇನೆಗೆ ಒಬ್ಬ ಯಜಮಾನ ಇಲ್ಲದಂತಾಯಿತು. ಹಿರಿಯ ಅಧಿಕಾರಿಗಳು ತಮ್ಮ ತಮ್ಮ ಶಿಷ್ಯರನ್ನೂ ಕೈಕೆಳಗಿನವರನ್ನೂ ನೆಂಟರನ್ನೂ ಕಟ್ಟಿಕೊಂಡು ಬೇರೆಯಾದರು. ದುವಾನ್ ಚಿರುಯಿ ಹುಟ್ಟಿದ್ದು ಅನ್ಹುಯಿಯಲ್ಲಿ, ಅವನ ಹಿಂದೆ ಹೋದವರು ಅನ್ಹುಯಿ ಬಣ. ಫೆಂಗ್ ಗುವೊಝಾಂಗ್ ಝಿಲಿಯವನು. ಅವನ ನಂತರ ಬಣ ತ್ಸಾವೊ ಕುನ್ ಕೈಗೆ ಬಂತು, ಅವನ ಊರೂ ಅದೇ ಪ್ರಾಂತದಲ್ಲಿ. ಮಂಚೂರಿಯಾದ ಝಾಂಗ್ ಝುವೊಲಿನ್ ಕಟ್ಟಿದ್ದು ಫೆಂಗ್‌ತಿಯೆನ್ ಬಣ. ವು ಪೈಫು ಊರಿನ ಲೆಕ್ಕದಲ್ಲಿ ಶಾಂದೊಂಗ್‌ನವನು, ನೌಕರಿಯ ಲೆಕ್ಕದಲ್ಲಿ ತ್ಸಾವೊ ಕುನ್‌ನ ಮನುಷ್ಯ. ಈ ಲೋಕದಲ್ಲಿ ನಡೆಯುತ್ತಿದ್ದುದು ಎರಡನೆಯ ಲೆಕ್ಕವೇ.

ಅದೇ ವು ಪೈಫು ದುವಾನ್ ಮೇಲೆ ತಿರುಗಿಬಿದ್ದದ್ದು ಯಾಕೆಂದು ನೋಡಿ. 1918ರಲ್ಲಿ ಬೀಜಿಂಗಿನ ಪರವಾಗಿ ಹುನಾನ್‌ಗೆ ನುಗ್ಗಿ ಗೆದ್ದುಕೊಟ್ಟವನು ಅವನು. ಅಲ್ಲಿನ ಗವರ್ನರ್ ಹುದ್ದೆಯನ್ನು ಆಗ ಪ್ರಧಾನಿಯಾಗಿದ್ದ ದುವಾನ್ ಕೊಟ್ಟದ್ದು ತನ್ನ ಬಣದ ಝಾಂಗ್ ಜಿಂಗ್ಯಾವೊಗೆ. ದುಡಿದವನೊಬ್ಬ, ಉಂಡವನೊಬ್ಬ. ವು ಅಲ್ಲಿಗೇ ಯುದ್ಧ ನಿಲ್ಲಿಸಿದ, ದುವಾನ್ ಸರ್ಕಾರದ ವಿರುದ್ಧ ಬಹಿರಂಗ ತಂತಿ ಕಳಿಸತೊಡಗಿದ, 1920ರಲ್ಲಿ ಪಡೆ ಕಟ್ಟಿಕೊಂಡು ಉತ್ತರಕ್ಕೇ ಬಂದುಬಿಟ್ಟ. ಜುಲೈನಲ್ಲಿ ಬೀಜಿಂಗಿನ ಆಚೀಚಿನ ರೈಲುದಾರಿಗಳ ಗುಂಟ ಕಾಳಗವಾಯಿತು. ಒಂದು ವಾರವೂ ಹಿಡಿಯಲಿಲ್ಲ, ದುವಾನ್ ರಾಜೀನಾಮೆ ಕೊಟ್ಟ.

ಆಗ ಝಿಲಿಯೂ ಫೆಂಗ್‌ತಿಯೆನ್ನೂ ಒಂದೇ ಕಡೆ. ತ್ಸಾವೊ ಕುನ್ ಮತ್ತು ಝಾಂಗ್ ಝುವೊಲಿನ್ ಬೀಗರಾದರು ಕೂಡ. ಬೀಗತನ ಏನೂ ಕಾಪಾಡಲಿಲ್ಲ. 1922ರ ಏಪ್ರಿಲ್‌ನಲ್ಲಿ ಬೀಗರ ಸೈನ್ಯಗಳೇ ಎದುರುಬದುರಾದವು. ಸೋತ ಝಾಂಗ್ ಮಂಚೂರಿಯಾಕ್ಕೆ ಸರಿದುಕೊಂಡ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವ ಮೊದಲು, ಎಲ್ಲರೂ ಆ ಬೀಜಿಂಗ್ ಕುರ್ಚಿಗೇ ಯಾಕೆ ಬಡಿದಾಡಿದರು ಅನ್ನುವುದನ್ನು ಹೇಳಬೇಕು. ನಮ್ಮ ಲೇಖನದಲ್ಲಿ ಇದೇ ಬಿಟ್ಟುಹೋಗಿತ್ತು. ಬೀಜಿಂಗಿನ ಆಜ್ಞೆ ದೂರದ ಪ್ರಾಂತಗಳಲ್ಲಿ ಮೂರುಕಾಸಿಗೆ ಬಾಳುತ್ತಿರಲಿಲ್ಲ. ಆದರೆ ಪರದೇಶಗಳು ಮಾನ್ಯ ಮಾಡಿದ್ದು ಆ ಸರ್ಕಾರವನ್ನೇ. ಬಂದರುಗಳ ಸುಂಕ ವಿದೇಶಿ ಬ್ಯಾಂಕುಗಳಲ್ಲಿ ಜಮೆಯಾಗಿ, ಸಾಲ ಮತ್ತು ಯುದ್ಧದಂಡದ ಕಂತು ಮುರಿದುಕೊಂಡ ಮೇಲೆ, ಉಳಿದದ್ದು ಬೀಜಿಂಗಿಗೆ ಸಲ್ಲುತ್ತಿತ್ತು. ಹೊಸ ಸಾಲ ಹುಟ್ಟುವುದೂ ಅದೇ ಮೊಹರಿಗೆ: 1917–18ರಲ್ಲಿ ದುವಾನ್ ಜಪಾನಿನಿಂದ ಎತ್ತಿದ್ದು 14.5 ಕೋಟಿ ಯೆನ್. ಸುಂಕದಲ್ಲಿ ನಮ್ಮ ಪಾಲು ಕೊಡಿ ಎಂದು 1923ರ ಕೊನೆಯಲ್ಲಿ, ದಕ್ಷಿಣದಲ್ಲಿ ಬೇರೆ ಸರ್ಕಾರ ನಡೆಸುತ್ತಿದ್ದ ಸುನ್ ಯಾತ್ ಸೆನ್ ಕ್ಯಾಂಟನ್ನಿನಿಂದ ಕೇಳಿದಾಗ ಉತ್ತರವಾಗಿ ಬಂದದ್ದು ವಿದೇಶಿ ಯುದ್ಧನೌಕೆಗಳು.

ಹಾಗಾಗಿಯೇ ತ್ಸಾವೊ ಕುನ್ 1923ರ ಅಕ್ಟೋಬರ್‌ನಲ್ಲಿ ಸಂಸತ್ತನ್ನೇ ಖರೀದಿಸಿ ಅಧ್ಯಕ್ಷನಾದದ್ದು. ಒಂದು ವೋಟಿಗೆ 5000 ಯುವಾನ್, ಅದೂ ಚೆಕ್ಕಿನಲ್ಲಿ! ಒಬ್ಬ ಸದಸ್ಯ ಆ ಚೆಕ್ಕಿನ ಫೋಟೊ ತೆಗೆಸಿ ಪತ್ರಿಕೆಗಳಿಗೆ ಕಳಿಸಿಬಿಟ್ಟ. ದುಡ್ಡು ತಿಂದವರಿಗೆ ಜನ ಇಟ್ಟ ಹೆಸರು ‘ಹಂದಿಮರಿ ಸದಸ್ಯರು’.

ಮರುವರ್ಷ ಝಾಂಗ್ ಮತ್ತೆ ದಂಡೆತ್ತಿ ಬಂದ. ವು ಪೈಫು ಮಹಾಗೋಡೆ ಕಡಲಿಗೆ ತಾಗುವ ಶಾನ್‌ಹೈಗುವಾನ್‌ನಲ್ಲಿ ತಡೆದು ನಿಂತ. ಇನ್ನೊಂದು ದಾರಿ ಕಾಯಲು ಕಳಿಸಿದ್ದು ಫೆಂಗ್ ಯುಶಿಯಾಂಗ್‌ನನ್ನು, ಪಡೆಯವರಿಗೆಲ್ಲ ಕ್ರೈಸ್ತ ದೀಕ್ಷೆ ಕೊಡಿಸುತ್ತಿದ್ದ ದಂಡನಾಯಕ. ಎರಡು ವರ್ಷದ ಹಿಂದೆ ಇದೇ ವು ಅವನಿಂದ ಹೆನಾನ್ ಪ್ರಾಂತ ಕಿತ್ತುಕೊಂಡು ಬೀಜಿಂಗಿನಲ್ಲಿ ಹೆಸರಿಗೊಂದು ಹುದ್ದೆ ಕೊಟ್ಟಿದ್ದ. ಫೆಂಗ್ ಮರೆತಿರಲಿಲ್ಲ. ಅಕ್ಟೋಬರ್ 22ರ ರಾತ್ರಿ ಅವನ ಪಡೆ ಬೀಜಿಂಗಿಗೆ ಹಿಂದಿರುಗಿ ಬಂತು, ಒಳಗಿನವರು ಕೋಟೆಬಾಗಿಲು ತೆರೆದರು. ಬೆಳಗಾಗುವಷ್ಟರಲ್ಲಿ ಟೆಲಿಫೋನ್ ಕಟ್ಟು, ಅಧ್ಯಕ್ಷನ ಮನೆಗೆ ಕಾವಲು. ಬೀದಿಯಲ್ಲಿ ನಿಂತ ಸೈನಿಕರ ತೋಳಪಟ್ಟಿಯ ಮೇಲೆ ‘ಜನರಿಗೆ ತೊಂದರೆ ಕೊಡೆವು’ ಎಂಬ ಬರಹ. ಎರಡು ವಾರದೊಳಗೆ ಹಳೆಯ ಚಕ್ರವರ್ತಿ ಪು ಯಿಯನ್ನೂ ಅರಮನೆಯಿಂದ ಹೊರಡಿಸಿದ್ದಾಯಿತು.

‘ಪಾಳೆಯಗಾರ’ ಪದದ ಬಗ್ಗೆ ನೀವು ಹೇಳಿದ್ದೇ ಸರಿ. ನಡುವಿನ ಪ್ರಭುತ್ವ ಕುಸಿದಾಗ ತಲೆ ಎತ್ತಿದವರು ಎಂಬಷ್ಟರ ಮಟ್ಟಿಗೆ ಹೋಲಿಕೆ ಇದೆ. ಆದರೆ ವಿಜಯನಗರದ ಕಾಲದ ಪಾಳೆಯಗಾರನಿಗೆ ಅವನದೇ ಆದ ನೆಲ, ಕೋಟೆ, ವಂಶ. ಚೀನಾದ ಇವರು ಹೆಚ್ಚಿನವರು ಸಂಬಳದ ಆಧುನಿಕ ಸೈನ್ಯದಿಂದ ಬಂದವರು. ರೈಲಿನಲ್ಲಿ ಪ್ರಾಂತದಿಂದ ಪ್ರಾಂತಕ್ಕೆ ಬಿಡಾರ ಬದಲಿಸುವವರು. ಝಾಂಗ್ ಝುವೊಲಿನ್‌ನ ಗದ್ದುಗೆಗೆ ಅವನ ಮಗ ಬಂದದ್ದು ಎದ್ದು ಕಾಣುವ ಅಪವಾದ. ಚೀನೀಯರು ಇವರನ್ನು ಕರೆಯುವುದು ‘ಜುನ್‌ಫಾ’ ಎಂದು. ಇನ್ನು ಮುಂದೆ ‘ಸೇನಾ ಸರದಾರ’ ಎಂದು ಅಚ್ಚು ಮಾಡುತ್ತೇವೆ. ‘ಯುದ್ಧಪ್ರಭು’ ಎಂಬ ಪದ ಬಳಸಿ ಅಂತ ನೀವು ಸೂಚಿಸಿದ್ದೀರಿ, ಕ್ಷಮಿಸಿ, ಅದು ನನ್ನ ಕಿವಿಗೆ ಹಿಡಿಸಲಿಲ್ಲ.

ಈಗ ಉಳಿದ ಎರಡನೆಯ ಪ್ರಶ್ನೆ, ದುವಾನ್ ವಿಷಯ. ಬೀಜಿಂಗ್ ಕೈತಪ್ಪಿ ವು ಓಡಿಹೋದ ಮೇಲೆ ಗೆದ್ದವರು ಇಬ್ಬರು, ಝಾಂಗ್ ಝುವೊಲಿನ್ ಮತ್ತು ಫೆಂಗ್ ಯುಶಿಯಾಂಗ್. ಇಬ್ಬರಲ್ಲಿ ಯಾರು ಕೂತರೂ ಇನ್ನೊಬ್ಬ ಒಪ್ಪುವ ಹಾಗಿರಲಿಲ್ಲ. ಹಿರಿಯ, ಹೆಸರಿದೆ, ಕೈಯಲ್ಲಿ ಹೇಳಿಕೊಳ್ಳುವಂಥ ಸೈನ್ಯ ಇಲ್ಲ, ಆದ್ದರಿಂದ ಯಾರಿಗೂ ಭಯವಿಲ್ಲ ಎಂಬಂಥ ಒಬ್ಬರು ಬೇಕಿತ್ತು. ತಿಯೆನ್‌ಜಿನ್‌ನಿಂದ ದುವಾನ್‌ನನ್ನು ಕರೆತಂದು 1924ರ ನವೆಂಬರ್ 24ರಂದು ‘ತಾತ್ಕಾಲಿಕ ಮುಖ್ಯಾಧಿಕಾರಿ’ ಎಂದು ಕೂರಿಸಿದರು. ಅವರಿಬ್ಬರಿಗೂ ತಮ್ಮತಮ್ಮಲ್ಲೇ ಕಾದಾಟ ಹತ್ತಿದ ಮೇಲೆ, 1926ರ ಏಪ್ರಿಲ್‌ನಲ್ಲಿ ಇಳಿಸಿದರು.