‘ನೀನು ಏಳಬೇಡ’: ಹರಡಿದ ಕ್ಯಾನ್ಸರಿನೊಂದಿಗೆ ಬಾಳುತ್ತಿರುವ ದಂಪತಿಯ ಆಪ್ತಸಲಹೆ ಪ್ರಕರಣ

ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಮೂವತ್ತು ವರ್ಷ ಸಂಸಾರಕ್ಕೆ ಹೆಗಲು ಕೊಟ್ಟ ಮಹಿಳೆಯೊಬ್ಬರ ಪ್ರಕರಣವಿದು. ಅವರಿಗೆ ಐವತ್ತು ದಾಟಿದೆ. ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎರಡೂ ಆಗಿದ್ದವು. ಕಳೆದ ವರ್ಷ ರೋಗ ಸೊಂಟದ ಮೂಳೆಗೂ ಬೆನ್ನುಮೂಳೆಗೂ ಹರಡಿರುವುದು ಗೊತ್ತಾಯಿತು. ಸೊಂಟಕ್ಕೆ ರೇಡಿಯೇಷನ್ ಮುಗಿದಿದೆ, ಹಾರ್ಮೋನ್ ಮಾತ್ರೆ ನಡೆಯುತ್ತಿದೆ, ಮೂಳೆ ಗಟ್ಟಿಯಾಗಲೆಂದು ಕೊಡುವ ಇಂಜೆಕ್ಷನ್ನಿಗಾಗಿ ಆಗಾಗ ಆಸ್ಪತ್ರೆಗೆ ಹೋಗಿಬರುತ್ತಾರೆ. ದಂಪತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನನ್ನ ಬಳಿ ಮೊದಲು ಬಂದವರು ಅವರ ಪತಿ, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಮಾತು ಕಡಿಮೆ ಮಾಡಿದ್ದಾರೆ, ಊಟ ಸೇರುತ್ತಿಲ್ಲ, ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ, ಯಾರಾದರೂ ನೋಡಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದು ಅವರ ಅಳಲು. ತಾವು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೇನೆ ಎಂದರು, ಅದು ಸುಳ್ಳಾಗಿರಲಿಲ್ಲ. ಹೆಂಡತಿಯ ಕಾಯಿಲೆ ಹರಡಿದ ಮೇಲೆ ಅವರು ಸಾರು, ಪಲ್ಯ ಮಾಡುವುದನ್ನು ಕಲಿತಿದ್ದರು, ಬಟ್ಟೆ ಒಗೆಯುತ್ತಿದ್ದರು, ಹೊಲಿಗೆ ಯಂತ್ರವನ್ನು ಕಣ್ಣಿಗೆ ಬೀಳಬಾರದೆಂದು ಅಟ್ಟಕ್ಕೆ ಸೇರಿಸಿದ್ದರು. ನೀರಿನ ಲೋಟವನ್ನೂ ಅವರೇ ಮಂಚದ ಬಳಿಗೆ ತಂದುಕೊಡುತ್ತಿದ್ದರು. ಪತ್ನಿ ಎದ್ದು ಕೂತರೆ ಸಾಕು, ‘ನೀನು ಏಳಬೇಡ ಮಾರಾಯ್ತಿ, ಏನು ಬೇಕು ಹೇಳು’ ಎಂದು ಓಡಿಬರುತ್ತಿದ್ದರು.

ಮುಂದಿನ ಭೇಟಿಯಲ್ಲಿ ಪತ್ನಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅವರು ಹೇಳಿದ್ದು ಇಷ್ಟು: ‘ನಾನು ಹೋದ ಮೇಲೆ ಮನೆ ಹೇಗೆ ನಡೆಯುತ್ತೆ ಅಂತ ಈಗಲೇ ಮಲಗಿಕೊಂಡು ನೋಡ್ತಾ ಇದ್ದೀನಿ ಮೇಡಂ. ಚೆನ್ನಾಗೇ ನಡೀತಿದೆ.’

ಈ ಪ್ರಕರಣದ ತಿರುಳು ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸಿತು. ಮುಂದುವರಿದ ಹಂತದ ಕ್ಯಾನ್ಸರ್ ಇರುವವರ ಮನೆಗಳಲ್ಲಿ ಉಪೇಕ್ಷೆಯಿಂದ ಆಗುವ ನೋವನ್ನು ನಾವು ಬೇಗ ಗುರುತಿಸುತ್ತೇವೆ. ಅತಿಯಾದ ಆರೈಕೆಯಿಂದ ಆಗುವ ನೋವು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಮನುಷ್ಯನ ಕೈಯಿಂದ ಕೆಲಸವನ್ನೆಲ್ಲ ಒಂದೊಂದಾಗಿ ತೆಗೆದುಕೊಂಡಾಗ ಅದರ ಜೊತೆಗೆ ಮನೆಯಲ್ಲಿ ಅವರಿಗಿದ್ದ ಸ್ಥಾನವೂ ಹೋಗುತ್ತದೆ, ಮತ್ತು ಅದನ್ನು ತೆಗೆದುಕೊಂಡವರು ಪ್ರೀತಿಯಿಂದಲೇ ತೆಗೆದುಕೊಂಡಿರುವ ಕಾರಣ ರೋಗಿಗೆ ಬೇಡವೆನ್ನಲು ಬಾಯಿಯೂ ಬರುವುದಿಲ್ಲ.

ಆದರೆ ಎದ್ದು ಓಡಾಡಿ ಎಂದು ಹೇಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸಗಳಿದ್ದವು. ಕ್ಯಾನ್ಸರಿನ ಆಯಾಸ ಸಾಮಾನ್ಯ ದಣಿವಿನಂತಲ್ಲ, ನಿದ್ದೆ ಮಾಡಿದರೆ ಪರಿಹಾರವಾಗುವಂಥದ್ದೂ ಅಲ್ಲ. ಅದರ ಹಿಂದೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ರಾಹೀನತೆ, ಖಿನ್ನತೆ, ಹತೋಟಿಗೆ ಬಾರದ ನೋವು ಹೀಗೆ ಹಲವು ಕಾರಣಗಳು ಸೇರಿಕೊಂಡಿರಬಹುದು. ಆದ್ದರಿಂದ ರಕ್ತಪರೀಕ್ಷೆಗೂ ಖಿನ್ನತೆಯ ಪರಿಶೀಲನೆಗೂ ಅವರ ಕ್ಯಾನ್ಸರ್ ವೈದ್ಯರಿಗೆ ಪತ್ರ ಬರೆದೆ. ನೋವಿನ ವಿಷಯದಲ್ಲಿ ಮಾತ್ರ ಮನೆಯಲ್ಲೇ ಒಂದು ತೊಡಕಿತ್ತು. ಅವರಿಗೆ ಬಾಯಿಯ ಮೂಲಕ ತೆಗೆದುಕೊಳ್ಳುವ ಮಾರ್ಫಿನ್ (ಅಫೀಮಿನಿಂದ ತಯಾರಾಗುವ ಬಲವಾದ ನೋವುನಿವಾರಕ) ಬರೆದುಕೊಟ್ಟಿದ್ದರು. ಪತಿ ಅದನ್ನು ಬೀರುವಿನಲ್ಲಿಟ್ಟು, ಪತ್ನಿ ತಡೆಯಲಾರದೆ ಅತ್ತಾಗ ಮಾತ್ರ ಕೊಡುತ್ತಿದ್ದರು. ಚಟವಾಗುತ್ತದೆ, ಕೊನೆಗೆ ಕೆಲಸ ಮಾಡದೆ ಹೋಗುತ್ತದೆ ಎಂಬ ಭಯ ಅವರಿಗಿತ್ತು. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮಾರ್ಫಿನ್ ಚಟವಾಗುವುದು ಅಪರೂಪ, ಅದನ್ನು ನೋವು ಏರಿದ ಮೇಲಲ್ಲ, ಗಡಿಯಾರ ನೋಡಿ ಕೊಡಬೇಕು, ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ಜೊತೆಗೆ ಮಲಬದ್ಧತೆಗೆ ಕೊಟ್ಟ ಔಷಧಿಯನ್ನು ತಪ್ಪಿಸಬಾರದು, ಹಾಗೂ ನೋವು ಹೆಚ್ಚಾದರೆ ವೈದ್ಯರು ಪ್ರಮಾಣವನ್ನೂ ಏರಿಸಬಲ್ಲರು ಎಂದು ಉಪಶಾಮಕ ಆರೈಕೆಯ (ನೋವು, ಸಂಕಟ ತಗ್ಗಿಸುವ ಚಿಕಿತ್ಸೆಯ) ವೈದ್ಯರೇ ಅವರನ್ನು ಕೂರಿಸಿಕೊಂಡು ವಿವರಿಸಿದರು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ನಮ್ಮ ದೇಶದಲ್ಲಿ ರೋಗಿಗಳಿಗೆ ಮಾರ್ಫಿನ್ ಸಿಗುವ ದಾರಿ ಸುಲಭವಾಗಿದೆ. ಹಾಗೆ ಸಿಕ್ಕ ಔಷಧಿಯೂ ಬೀರುವಿನಲ್ಲೇ ಉಳಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ನೋವು ಹಿಡಿತಕ್ಕೆ ಬಂದ ಮೇಲೆಯೇ ನಮ್ಮ ನಿಜವಾದ ಮಾತುಕತೆ ಆರಂಭವಾದದ್ದು.

ಪತಿಯ ಭಯಕ್ಕೆ ಆಧಾರವಿತ್ತು. ಸೊಂಟದ ಮೂಳೆ ದುರ್ಬಲವಾಗಿದೆ, ಬೀಳದಂತೆ ನೋಡಿಕೊಳ್ಳಿ ಎಂದು ವೈದ್ಯರು ಹೇಳಿದ್ದನ್ನು ಅವರು ಏಳದಂತೆ ನೋಡಿಕೊಳ್ಳಬೇಕು ಎಂದು ತಿಳಿದುಕೊಂಡಿದ್ದರು. ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೂಳೆಗೆ ಹರಡಿದ ಕ್ಯಾನ್ಸರ್ ಇದ್ದಾಗ ಯಾವ ವ್ಯಾಯಾಮ ಮಾಡಬಹುದು ಎನ್ನುವುದನ್ನು ಆಪ್ತಸಲಹೆಗಾರರಾಗಲೀ ಯೋಗ ಶಿಕ್ಷಕರಾಗಲೀ ನಿರ್ಧರಿಸುವಂತಿಲ್ಲ. ಸ್ಕ್ಯಾನ್ ನೋಡಿದ ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್ ನಿರ್ಧರಿಸಬೇಕು. ಹಾಗೆಂದು ವ್ಯಾಯಾಮವೇ ಬೇಡ ಎನ್ನುವ ಕಾಲವೂ ಈಗಿಲ್ಲ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಯುರೋಪಿನ ಐದು ದೇಶಗಳ ಮತ್ತು ಆಸ್ಟ್ರೇಲಿಯಾದ 357 ರೋಗಿಗಳು ಪಾಲ್ಗೊಂಡಿದ್ದರು. ಅವರೆಲ್ಲರಿಗೂ ಹರಡಿದ ಸ್ತನ ಕ್ಯಾನ್ಸರ್ ಇತ್ತು, ಮೂಳೆಗೆ ಹರಡಿದವರೇ ಅವರಲ್ಲಿ ಹೆಚ್ಚು. ತರಬೇತುದಾರರ ಕಣ್ಗಾವಲಿನಲ್ಲಿ ಒಂಬತ್ತು ತಿಂಗಳ ವ್ಯಾಯಾಮ ಕಾರ್ಯಕ್ರಮದಲ್ಲಿದ್ದವರಿಗೆ ಉಳಿದವರಿಗಿಂತ ಆಯಾಸ ಕಡಿಮೆಯಿತ್ತು, ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಇದನ್ನು ದಂಪತಿಗೆ ವಿವರಿಸುವಾಗ ಒಂದು ಮಾತು ಒತ್ತಿ ಹೇಳಿದೆ: ನಡೆದಾಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಡೆದಾಡುವುದು ಇರುವ ದಿನಗಳನ್ನು ನಿಮ್ಮದಾಗಿಸಿಕೊಳ್ಳುವುದಕ್ಕೆ.

ಫಿಸಿಯೋಥೆರಪಿಸ್ಟ್ ಅವರಿಗೆ ಬರೆದುಕೊಟ್ಟ ಕ್ರಮ ತೀರ ಸರಳವಾಗಿತ್ತು. ಮನೆಯ ಪಡಸಾಲೆಯಲ್ಲಿ ವಾಕರ್ ಹಿಡಿದು ಬೆಳಿಗ್ಗೆ ಸಂಜೆ ಐದೈದು ನಿಮಿಷ ನಡೆಯುವುದು, ಕೈಯಿರುವ ಕುರ್ಚಿಯಿಂದ ಎದ್ದು ಕೂರುವುದನ್ನು ಕೆಲವು ಬಾರಿ ಮಾಡುವುದು, ಕೂತಲ್ಲೇ ಕಾಲು ಚಾಚುವುದು. ಮಾಡಬಾರದವುಗಳ ಪಟ್ಟಿ ಇದಕ್ಕಿಂತ ಮುಖ್ಯ: ನೀರಿನ ಕೊಡ ಎತ್ತುವಂತಿಲ್ಲ, ಸೊಂಟ ಬಗ್ಗಿಸಿ ಕಸ ಗುಡಿಸುವಂತಿಲ್ಲ, ನೆಲದ ಮೇಲೆ ಕೂತು ಏಳುವಂತಿಲ್ಲ, ಬೆನ್ನು ತಿರುಚುವ ಅಥವಾ ಮುಂದಕ್ಕೆ ಬಾಗಿಸುವ ಆಸನಗಳನ್ನು ಮಾಡುವಂತಿಲ್ಲ. ಬಚ್ಚಲಮನೆಯಲ್ಲಿ ಗೋಡೆಗೆ ಹಿಡಿಕೆ ಹಾಕಿಸಲು, ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯದ ಮೇಲೆ ಕಮೋಡ್ ಕುರ್ಚಿ ಇಡಲು, ಹೊಸ್ತಿಲ ಬಳಿಯ ಕಾಲೊರಸು ಚಾಪೆ ತೆಗೆಯಲು ಹೇಳಿದರು. ಈ ಬದಲಾವಣೆಗಳನ್ನೆಲ್ಲ ಪತಿ ಎರಡೇ ದಿನದಲ್ಲಿ ಮಾಡಿಸಿದರು. ಕಾಪಾಡುವ ಅವರ ಹಂಬಲಕ್ಕೆ ಒಂದು ದಾರಿ ಬೇಕಾಗಿತ್ತು. ಹೆಂಡತಿಯನ್ನು ಮಂಚದಲ್ಲಿ ಕೂಡಿಹಾಕುವ ಬದಲು ಮನೆಯನ್ನು ಅವರಿಗೆ ತಕ್ಕಂತೆ ಮಾಡುವುದರಲ್ಲಿ ಅದು ಸಿಕ್ಕಿತು.

ಅದಾದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಮನೆಯ ಯಾವ ಕೆಲಸ ತಮಗೆ ವಾಪಸ್ಸು ಬೇಕು ಎಂದು ಪತ್ನಿಯನ್ನು ಕೇಳಿದೆ. ಕಾಫಿಗೆ ಡಿಕಾಕ್ಷನ್ ಹಾಕುವುದು, ಹಾಲಿನವನ ಲೆಕ್ಕ ಬರೆಯುವುದು, ಹೊಲಿಗೆ ಎಂದು ಅವರು ತಕ್ಷಣ ಹೇಳಿದರು. ಪತಿ ಹೊಲಿಗೆಯ ಬಗ್ಗೆ ತಕರಾರು ಎತ್ತಿದರು, ಕಾಲಿನಿಂದ ತುಳಿಯುವ ಯಂತ್ರವಾದ್ದರಿಂದ ಅದು ನ್ಯಾಯವೂ ಆಗಿತ್ತು. ಫಿಸಿಯೋಥೆರಪಿಸ್ಟನ್ನು ಕೇಳಿ, ಮೋಟರ್ ಜೋಡಿಸಿ, ಎತ್ತರದ ಮೇಜಿನ ಮೇಲಿಟ್ಟು, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂತು ಇಪ್ಪತ್ತು ನಿಮಿಷ ಹೊಲಿಯುವುದೆಂದು ಒಪ್ಪಂದವಾಯಿತು. ಮೈಯಲ್ಲಿ ಕಸುವಿರುವ ದಿನ ಎಲ್ಲವನ್ನೂ ಮಾಡಿ ಮುಗಿಸಿ ಮುಂದಿನ ಎರಡು ದಿನ ಹಾಸಿಗೆ ಹಿಡಿಯುವುದು ಈ ರೋಗಿಗಳಲ್ಲಿ ಸಾಮಾನ್ಯ. ಆದ್ದರಿಂದ ಸುಸ್ತಾದ ಮೇಲೆ ನಿಲ್ಲಿಸುವುದಲ್ಲ, ಸುಸ್ತಾಗುವ ಮೊದಲೇ ನಿಲ್ಲಿಸಬೇಕು ಎಂಬ ನಿಯಮವನ್ನು ಅವರಿಗೆ ಹೇಳಿದೆ. ನಿಲ್ಲಿಸು ಎಂದು ಹೇಳುವ ಹಕ್ಕು ಮಾತ್ರ ಪತಿಯದಲ್ಲ, ಅವರದೇ ಎಂದೂ ಸ್ಪಷ್ಟಪಡಿಸಿದೆ.

ಮೊದಲು ಹೊಲಿದದ್ದು ಹೃದಯದಾಕಾರದ ಪುಟ್ಟ ದಿಂಬುಗಳನ್ನು. ಸ್ತನದ ಶಸ್ತ್ರಚಿಕಿತ್ಸೆಯಾದವರು ಕಂಕುಳಿನ ಕೆಳಗಿಟ್ಟುಕೊಂಡರೆ ಗಾಯದ ಮೇಲೆ ತೋಳಿನ ಒತ್ತಡ ಬೀಳದಂತೆ ತಡೆಯುವ ದಿಂಬುಗಳಿವು. ಹಿಂದೆ ಯಾರೋ ಒಂದನ್ನು ಅವರಿಗೆ ಕೊಟ್ಟಿದ್ದರಂತೆ. ಉಳಿಕೆ ಕಾಟನ್ ಬಟ್ಟೆಯಲ್ಲಿ ಹೊಲಿದು ಇಂಜೆಕ್ಷನ್ನಿಗೆ ಹೋದಾಗ, ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಮರಳುವವರ ಡೇ ಕೇರ್ ವಾರ್ಡಿನಲ್ಲಿ ಕೊಟ್ಟುಬರತೊಡಗಿದರು. ಅಲ್ಲಿಂದಲೇ ಈ ಪ್ರಕರಣದ ಎರಡನೆಯ ಭಾಗ ಶುರುವಾಯಿತು.

ಡೇ ಕೇರಿನಲ್ಲಿ ಪರಿಚಯವಾದ, ರೋಗ ಹರಡಿದ ಇನ್ನೂ ಮೂವರು ಮಹಿಳೆಯರೊಂದಿಗೆ ಅವರು ದಿನವೂ ಫೋನಿನಲ್ಲಿ ಮಾತನಾಡತೊಡಗಿದರು. ಬೆಳಿಗ್ಗೆ ನಡಿಗೆ ಮುಗಿಸಿದವರು ಗುಂಪಿನಲ್ಲಿ ಒಂದು ಸಂದೇಶ ಹಾಕುವುದು, ಸಂದೇಶ ಬಾರದಿದ್ದರೆ ಉಳಿದವರಲ್ಲಿ ಒಬ್ಬರು ಕರೆ ಮಾಡುವುದು ಎಂಬ ಏರ್ಪಾಡನ್ನು ಅವರೇ ಮಾಡಿಕೊಂಡರು. ಇಂಥ ಗುಂಪುಗಳ ಬಗ್ಗೆ ಅವರು ನನ್ನ ಅಭಿಪ್ರಾಯ ಕೇಳಿದಾಗ ತಿಳಿದದ್ದನ್ನು ನೇರವಾಗಿ ಹೇಳಿದೆ. ಹರಡಿದ ಸ್ತನ ಕ್ಯಾನ್ಸರ್ ಇರುವವರು ಗುಂಪಿನಲ್ಲಿ ಕೂತು ಮಾತನಾಡಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು 1989ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಆದರೆ ಮನಸ್ಸಿನ ಕ್ಲೇಶವೂ ನೋವಿನ ಅನುಭವವೂ ಕಡಿಮೆಯಾಗಿತ್ತು, ಅದರಲ್ಲೂ ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದವರಿಗೆ ಹೆಚ್ಚು ಅನುಕೂಲವಾಗಿತ್ತು. ಅಷ್ಟು ಸಾಲದೇ?

ಗುಂಪು ಆಸರೆಯಾಗಬೇಕೇ ಹೊರತು ಹೊರೆಯಾಗಬಾರದು ಎಂದು ಕೆಲವು ಮಾತುಗಳನ್ನು ಅವರೊಂದಿಗೆ ಚರ್ಚಿಸಿದೆ. ಒಬ್ಬರ ಸ್ಕ್ಯಾನ್ ವರದಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದು ಬೇಡ, ಏಕೆಂದರೆ ಒಂದೇ ಹೆಸರಿನ ಕ್ಯಾನ್ಸರ್ ಕೂಡ ಇಬ್ಬರಲ್ಲಿ ಒಂದೇ ರೀತಿ ಇರುವುದಿಲ್ಲ. ಔಷಧಿ, ಕಷಾಯ, ಪಥ್ಯದ ಸಲಹೆ ಬಂದರೆ ವೈದ್ಯರನ್ನು ಕೇಳಿ ಎನ್ನುವುದಷ್ಟೇ ಉತ್ತರವಾಗಲಿ. ಯಾರಾದರೂ ಹೆದರಿಕೆ ಹೇಳಿಕೊಂಡಾಗ ‘ಏನೂ ಆಗಲ್ಲ, ಧೈರ್ಯವಾಗಿರು’ ಎಂದು ಮಾತು ಮುಗಿಸಬೇಡಿ. ಆ ಮಾತನ್ನು ಅವರು ಮನೆಯಲ್ಲಿ ಸಾಕಷ್ಟು ಕೇಳಿರುತ್ತಾರೆ. ಇವತ್ತು ಮಾತನಾಡುವ ಮನಸ್ಸಿಲ್ಲ ಎಂದು ಹೇಳುವುದಕ್ಕೆ ಯಾರೂ ಕಾರಣ ಕೊಡಬೇಕಾಗಿಲ್ಲ. ಇವೆಲ್ಲಕ್ಕಿಂತ ಕಷ್ಟವಾದ ಇನ್ನೊಂದು ಪ್ರಶ್ನೆಯನ್ನೂ ಅವರ ಮುಂದಿಟ್ಟೆ: ನಾಲ್ವರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಯಾರು ತಿಳಿಸಬೇಕು, ಹೇಗೆ ತಿಳಿಸಬೇಕು? ಮೊದಲಿಗೆ ಅವರು ಈ ಮಾತೇ ಅಪಶಕುನವೆಂದರು. ವಾರದ ನಂತರ ಅವರೇ ಕರೆ ಮಾಡಿ, ನಾಲ್ವರೂ ಮಾತಾಡಿಕೊಂಡಿದ್ದೇವೆ, ಗುಂಪಿನಲ್ಲಿ ಫೋಟೋ ಹಾಕಿ ತಿಳಿಸುವುದು ಬೇಡ, ಮನೆಯವರು ಒಬ್ಬರಿಗೆ ಕರೆ ಮಾಡಲಿ, ಅವರು ಉಳಿದವರಿಗೆ ಒಬ್ಬೊಬ್ಬರಿಗೇ ಹೇಳಲಿ ಎಂದು ತೀರ್ಮಾನಿಸಿದ್ದೇವೆ ಎಂದರು.

ಮಳೆಗಾಲದಲ್ಲಿ ಆ ಕರೆ ಬಂದೇ ಬಂತು. ತೀರಿಕೊಂಡವರು ಗುಂಪಿನಲ್ಲೇ ಚಿಕ್ಕವರು, ಶಾಲಾ ಶಿಕ್ಷಕಿ. ನಮ್ಮ ಪ್ರಕರಣದ ಮಹಿಳೆ ನಡಿಗೆ ಬಿಟ್ಟರು, ಯಂತ್ರಕ್ಕೆ ಬಟ್ಟೆ ಮುಚ್ಚಿದರು, ಫೋನ್ ಎತ್ತಲಿಲ್ಲ. ಪತಿ ನನ್ನ ಬಳಿ ಬಂದು, ಈ ಗುಂಪಿನ ಸಹವಾಸವೇ ಬೇಡವಾಗಿತ್ತು, ಅವಳನ್ನು ಅದರಿಂದ ಬಿಡಿಸುತ್ತೇನೆ ಎಂದರು. ಬಿಡಿಸಬೇಡಿ ಎಂದೆ. ಆಕೆ ದುಃಖಿಸುತ್ತಿರುವುದು ಗೆಳತಿಗಾಗಿ, ಅದಕ್ಕೆ ಅವರಿಗೆ ಪೂರ್ತಿ ಅಧಿಕಾರವಿದೆ. ಕ್ಯಾನ್ಸರ್ ಇದೆಯೆಂಬ ಕಾರಣಕ್ಕೆ ಬೇರೆ ಯಾವ ದುಃಖವೂ ತಾಗದಂತೆ ಅವರನ್ನು ಇಡಲು ಆಗುವುದಿಲ್ಲ. ಪತ್ನಿಯೊಂದಿಗೆ ಮಾತನಾಡಿದಾಗ ಎರಡು ಸಂಗತಿಗಳು ಹೊರಬಂದವು. ಒಂದು, ಮುಂದಿನ ಸರದಿ ನನ್ನದು ಎಂಬ ಭಯ. ಆ ಭಯವನ್ನು ನಾನು ಅಲ್ಲಗಳೆಯಲಿಲ್ಲ. ಭಯ ಬಂದ ರಾತ್ರಿ ಅದನ್ನು ಯಾರಿಗೆ ಹೇಳಬೇಕು ಎಂದು ಕೇಳಿದೆ. ಗಂಡನಿಗೆ ಎಂದರು, ಆದರೆ ಅವರು ಅಳುತ್ತಾರೆ ಎಂದರು. ಅಳಲಿ ಬಿಡಿ, ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅಳುವುದಕ್ಕಿಂತ ಅದು ಒಳ್ಳೆಯದು ಎಂದೆ. ಇನ್ನೊಂದು, ಗೆಳತಿಯ ಮನೆಗೆ ಹೋಗಿ ಅವಳ ತಾಯಿಯನ್ನು ನೋಡಿಬರಬೇಕು ಎಂಬ ಆಸೆ. ಮನೆಯವರೆಲ್ಲ ಇದಕ್ಕೆ ಬೇಡವೆಂದಿದ್ದರು.

ಹೋಗಿಬನ್ನಿ ಎಂದು ಸಲಹೆ ಕೊಟ್ಟೆ, ಆದರೆ ಸಿದ್ಧತೆಯೊಂದಿಗೆ. ಬಾಡಿಗೆ ಕಾರಿನ ಮುಂದಿನ ಸೀಟು, ಬೆನ್ನಿಗೆ ದಿಂಬು, ಗುಂಡಿ ಕಡಿಮೆಯಿರುವ ರಸ್ತೆ, ಹೊರಡುವ ಮುಂಚೆ ತಪ್ಪದ ಮಾತ್ರೆ, ಅಲ್ಲಿ ಕುರ್ಚಿ ಬೇಕೆಂದು ಮೊದಲೇ ಫೋನ್, ಅರ್ಧ ಗಂಟೆಯಲ್ಲಿ ವಾಪಸ್ಸು. ಹೋಗಿಬಂದ ಮರುದಿನ ಅವರು ಗುಂಪಿನಲ್ಲಿ ಉಳಿದ ಇಬ್ಬರಿಗೂ ಕರೆ ಮಾಡಿದರು. ಪತಿಯೂ ಅವರೊಂದಿಗೆ ಹೋಗಿದ್ದರು. ತೀರಿಕೊಂಡವರ ಗಂಡನೊಡನೆ ಜಗುಲಿಯಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಈಗ ಅವರಿಬ್ಬರೂ ಆಗಾಗ ಮಾತನಾಡುತ್ತಾರೆ. ಆರೈಕೆ ಮಾಡುವ ಗಂಡಸರಿಗೆ ತಮ್ಮ ಕಷ್ಟ ಹೇಳಿಕೊಳ್ಳುವ ಜಾಗಗಳು ನಮ್ಮಲ್ಲಿ ಕಡಿಮೆ, ಅದಕ್ಕಾಗಿ ನನಗೆ ಈ ಸಂಪರ್ಕದಿಂದ ವಿಶೇಷ ಸಂತೋಷವಾಗಿದೆ. ರಾತ್ರಿ ಯಾರೂ ಸಿಗದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು ಎಂದೂ ಅವರಿಗೆ ತಿಳಿಸಿದ್ದೇನೆ.

ಈಚಿನ ಭೇಟಿಯಲ್ಲಿ ಮುಂದಿನ ದಿನಗಳ ಮಾತು ಬಂತು, ಅದನ್ನೆತ್ತಿದವರು ಪತ್ನಿಯೇ. ಬೆನ್ನುನೋವು ಇದ್ದಕ್ಕಿದ್ದಂತೆ ಹೆಚ್ಚಾದರೆ, ಕಾಲುಗಳಲ್ಲಿ ಬಲ ಕುಂದಿದರೆ ಅಥವಾ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಅದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವ ಸೂಚನೆ, ಬೆಳಗಾಗಲಿ ಎಂದು ಕಾಯದೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕು ಎನ್ನುವುದನ್ನು ದಂಪತಿ ಹಾಲಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರು. ನಡೆಯಲು ಆಗದ ದಿನ ಬಂದಾಗ ಕೂತು ಮಾಡುವ ಕೆಲಸ, ಕೂರಲು ಆಗದಾಗ ಫೋನಿನಲ್ಲಿ ಮಾಡುವ ಕೆಲಸ ಎಂದು ಒಂದು ಕ್ರಮವನ್ನು ನಾವು ಮೂವರೂ ಸೇರಿ ಗೊತ್ತುಮಾಡಿದೆವು. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ ಬೆಂಗಳೂರಿನ ಕರುಣಾಶ್ರಯದಂತಹ, ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಸಂಸ್ಥೆಗಳಿವೆ ಎಂದಾಗ ಪತ್ನಿ ವಿಳಾಸ ಬರೆದುಕೊಂಡರು, ಪತಿ ಬೇಡವೆಂದರು. ಆ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ದೂರದ ಊರಿನಲ್ಲಿರುವ ಮಗ ರಜೆಗೆ ಬಂದಾಗ ಅವನನ್ನೂ ಕೂರಿಸಿಕೊಂಡು ಮಾತನಾಡುವುದೆಂದು ಮುಂದಿನ ಭೇಟಿಯನ್ನು ನಿಗದಿ ಮಾಡಿದ್ದೇವೆ.