ಸ್ಪೋರ್ಟ್ಸ್ ಕಾರಿಗೆ ಬಕೆಟ್ ಸೀಟು: ಹಾಕಿಸುವ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ: ನನ್ನ ಬಳಿ 2013ರ ಮಾದರಿಯ ಆಡಿ ಟಿಟಿ ಕೂಪೆ ಇದೆ. ಕೆಲಸದ ನಿಮಿತ್ತ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುತ್ತೇನೆ. ಆಗಾಗ ಕೊಯಮತ್ತೂರಿನ ರೇಸ್ ಟ್ರ್ಯಾಕಾದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿಯೂ ಓಡಿಸುವುದುಂಟು. ತಿರುವುಗಳಲ್ಲಿ ಕಂಪನಿ ಸೀಟು ಮೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಆದ್ದರಿಂದ ಮುಂದಿನ ಎರಡೂ ಸೀಟುಗಳನ್ನು ತೆಗೆಸಿ, ಮೈಯನ್ನು ಎರಡೂ ಪಕ್ಕದಿಂದ ಅಪ್ಪಿ ಹಿಡಿಯುವ, ಬೆನ್ನು ವಾಲದ ಫೈಬರ್ ಬಕೆಟ್ ಸೀಟುಗಳನ್ನು ಹಾಕಿಸಬೇಕೆಂದಿದ್ದೇನೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಫ್ಯಾಬ್ರಿಕೇಷನ್ ಮಾಡುವವರೊಬ್ಬರು ನೆಲಕ್ಕೆ ಕಬ್ಬಿಣದ ಆಂಗಲ್ ವೆಲ್ಡ್ ಮಾಡಿ ಒಂದೇ ದಿನದಲ್ಲಿ ಕೂರಿಸಿಕೊಡುತ್ತೇನೆ, ಏರ್‌ಬ್ಯಾಗ್ ದೀಪ ಉರಿಯದಂತೆ ರೆಸಿಸ್ಟರ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬಕೆಟ್ ಸೀಟು ಬೇಕೆನ್ನುವ ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅವರು ಹೇಳಿದ ರೀತಿಯಲ್ಲಿ ದಯವಿಟ್ಟು ಮಾಡಿಸಬೇಡಿ. ಕಾರು ತಯಾರಿಸುವವರು ಸೀಟು, ಬೆಲ್ಟು, ಏರ್‌ಬ್ಯಾಗ್ ಈ ಮೂರನ್ನೂ ಸೇರಿಸಿ ಒಂದೇ ರಕ್ಷಣಾ ವ್ಯವಸ್ಥೆಯಾಗಿ ರೂಪಿಸಿರುತ್ತಾರೆ. ನಿಮ್ಮ ಟಿಟಿಯಲ್ಲಿ ಪಕ್ಕದ ಏರ್‌ಬ್ಯಾಗ್ ಇರುವುದು ಸೀಟಿನ ಬೆನ್ನಿನ ಹೊರ ಅಂಚಿನೊಳಗೆ. ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಜೋಡಣೆಯಾಗಿದ್ದು ಸೀಟು ಹಿಂದೆ ಮುಂದೆ ಸರಿದಂತೆ ತಾನೂ ಸರಿಯುತ್ತದೆ. ಸೀಟನ್ನು ಬಿಚ್ಚಿ ಹೊರಗಿಟ್ಟ ದಿನ ಇವೆರಡೂ ಅದರೊಂದಿಗೇ ಹೊರಗೆ ಹೋಗುತ್ತವೆ.

ಮೊದಲು ವೆಲ್ಡಿಂಗ್ ವಿಷಯವನ್ನು ನೋಡೋಣ. ಎರಡನೆಯ ತಲೆಮಾರಿನ ಟಿಟಿಯ ಬಾಡಿಯಲ್ಲಿ ಹೆಚ್ಚಿನ ಪಾಲು ಅಲ್ಯೂಮಿನಿಯಂ ಇದೆ. ಮುಂದಿನ ಮತ್ತು ಹಿಂದಿನ ತೂಕ ಸರಿದೂಗಲೆಂದು ಹಿಂಭಾಗದಲ್ಲಿ ಉಕ್ಕನ್ನು ಬಳಸಿದ್ದಾರೆ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್‌ನಿಂದ ಅಲ್ಯೂಮಿನಿಯಂ ಮೇಲೆ ಕಬ್ಬಿಣದ ಆಂಗಲ್ ಕೂರುವುದೇ ಇಲ್ಲ. ಕೂರಿಸುವ ಪ್ರಯತ್ನದಲ್ಲಿ ಸುತ್ತಲಿನ ತಗಡು ಕಾದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ವೆಲ್ಡಿಂಗ್ ಬದಲು ರಂಧ್ರ ಕೊರೆದು ಕಬ್ಬಿಣದ ಪಟ್ಟಿಯನ್ನು ನೇರವಾಗಿ ಅಲ್ಯೂಮಿನಿಯಂಗೆ ತಾಗಿಸಿ ಬಿಗಿದರೂ, ಮಳೆಗಾಲದಲ್ಲಿ ಕಾರ್ಪೆಟ್ ಅಡಿಯಲ್ಲಿ ನಿಲ್ಲುವ ತೇವದಿಂದ ಎರಡು ಲೋಹಗಳು ಸೇರಿದ ಜಾಗ ಬೇಗನೆ ಸವೆದುಹೋಗುತ್ತದೆ. ಪೂರ್ತಿ ಉಕ್ಕಿನ ಬಾಡಿಯಿರುವ ಕಾರಿನಲ್ಲಿಯೂ ನೆಲದ ತಗಡು ತೀರ ತೆಳುವಾದುದು. ಕಂಪನಿ ಸೀಟಿನ ಬೋಲ್ಟುಗಳು ಕೂರುವ ಜಾಗಕ್ಕೆ ಮಾತ್ರ ಬೇರೆ ಬಲವರ್ಧನೆ ಕೊಟ್ಟಿರುತ್ತಾರೆ. ಆದ್ದರಿಂದ ಹೊಸ ಸೀಟು ಯಾವುದೇ ಇರಲಿ, ಅದು ಆ ನಾಲ್ಕು ಮೂಲ ಬೋಲ್ಟು ಜಾಗಗಳಿಗೇ ಬಂದು ಸೇರಬೇಕು. ನಿಮ್ಮ ಕಾರಿನ ಮಾದರಿಗೆಂದೇ ತಯಾರಾದ ಬೇಸ್ ಫ್ರೇಮನ್ನು (ಸೀಟಿಗೂ ನೆಲಕ್ಕೂ ನಡುವೆ ಕೂರುವ ಚೌಕಟ್ಟು) ತರಿಸಿಕೊಳ್ಳಿ. ಅದರ ಬೆಲೆ ಕೆಲವೊಮ್ಮೆ ಸೀಟಿನ ಅರ್ಧದಷ್ಟಾದರೂ ಅಲ್ಲಿ ಉಳಿತಾಯ ಮಾಡುವುದು ಸರಿಯಲ್ಲ.

ಬೇಸ್ ಮೇಲೆ ಸೀಟನ್ನು ಹಿಡಿಯುವ ಪಕ್ಕದ ಬ್ರಾಕೆಟ್‌ಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ಸ್ಪಷ್ಟ ಅಳತೆಗಳನ್ನು ಕೊಟ್ಟಿದೆ: ಉಕ್ಕಾದರೆ ಕನಿಷ್ಠ 3 ಮಿ.ಮೀ., ಅಲ್ಯೂಮಿನಿಯಂ ಮಿಶ್ರಲೋಹವಾದರೆ 5 ಮಿ.ಮೀ. ದಪ್ಪ, ಪ್ರತಿ ಸೀಟಿಗೆ ನಾಲ್ಕು ಜೋಡಣೆ, ಪ್ರತಿಯೊಂದರಲ್ಲೂ ಕನಿಷ್ಠ 8 ಮಿ.ಮೀ. ಬೋಲ್ಟು. ಇದು ಸ್ಪರ್ಧೆಯ ನಿಯಮವಾದರೂ ರಸ್ತೆಯ ಕಾರಿಗೆ ಇದಕ್ಕಿಂತ ಕಡಿಮೆ ಸಾಕೆನ್ನಲು ಕಾರಣವಿಲ್ಲ. 70 ಕೆ.ಜಿ. ತೂಕದ ವ್ಯಕ್ತಿ ಗುರುತ್ವದ 30 ಪಟ್ಟು ಬಲದಲ್ಲಿ ಹಠಾತ್ತಾಗಿ ನಿಂತರೆ ಅವನ ದೇಹ 2,100 ಕೆ.ಜಿ. ತೂಗಿದಂತೆ ಬೆಲ್ಟನ್ನು ಜಗ್ಗುತ್ತದೆ. ಬಕಲ್ ಸೀಟಿಗೆ ಜೋಡಣೆಯಾಗಿರುವ ಕಾರಿನಲ್ಲಿ ಅದರ ದೊಡ್ಡ ಪಾಲನ್ನು ಹೊರುವುದು ಇದೇ ಬೋಲ್ಟುಗಳು. ಹೀಗಾಗಿ ಬಕಲ್‌ಗೆ ಬೇಸ್ ಫ್ರೇಮಿನಲ್ಲಿಯೇ ತಯಾರಕರು ಕೊಟ್ಟ ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಇಲ್ಲದ ಫ್ರೇಮಿಗೆ ನಮ್ಮವರು ಒಂದು ಪಟ್ಟಿ ಬೆಸೆದುಕೊಡುವುದನ್ನು ನಾನು ಕಂಡಿದ್ದೇನೆ. ಆ ಬೆಸುಗೆಯ ಮೇಲೆ ಜೀವ ನೇತುಹಾಕುವುದು ಬೇಡ.

ಸೀಟು ಕೂರಿಸುವಾಗ ಹತ್ತಿರದಲ್ಲಿ ನಿಂತು ನೋಡಬೇಕಾದ ಒಂದು ಸಂಗತಿಯಿದೆ. ಫೈಬರ್ ಸೀಟಿನ ಪಕ್ಕದಲ್ಲಿ ಹುದುಗಿಸಿದ ಲೋಹದ ನಟ್ಟಿನೊಳಕ್ಕೆ ಬೋಲ್ಟು ಹೋಗುತ್ತದೆ. ಬೋಲ್ಟು ಉದ್ದವಾದರೆ ಅದರ ತುದಿ ರಂಧ್ರದ ತಳಕ್ಕೆ ತಾಗಿ ನಿಂತುಬಿಡುತ್ತದೆ. ಸ್ಪ್ಯಾನರ್ ಹಿಡಿದ ಕೈಗೆ ಗಟ್ಟಿಯಾಗಿ ಕೂತಂತೆ ಅನ್ನಿಸುತ್ತದೆ, ಆದರೆ ಬ್ರಾಕೆಟ್ ಸಡಿಲವಾಗಿಯೇ ಉಳಿದಿರುತ್ತದೆ. ಗಿಡ್ಡವಾದರೆ ಎರಡು ಮೂರು ಮರೆಗಳಷ್ಟೇ (ಬೋಲ್ಟಿನ ಸುರುಳಿ ಗೆರೆಗಳು) ಹಿಡಿದು, ಭಾರ ಬಿದ್ದಾಗ ಕಿತ್ತುಬರುತ್ತವೆ. ಸಣ್ಣ ತಂತಿಯನ್ನು ರಂಧ್ರಕ್ಕೆ ಇಳಿಬಿಟ್ಟು ಆಳವನ್ನು ಅಳೆಯಿರಿ. ಬ್ರಾಕೆಟ್ ಮತ್ತು ವಾಷರ್ ದಪ್ಪ ಕಳೆದ ಮೇಲೂ 8 ಮಿ.ಮೀ. ಬೋಲ್ಟಿನ ಮರೆ ಕನಿಷ್ಠ 8 ಮಿ.ಮೀ. ಒಳಗಿರಬೇಕು, ತಳಕ್ಕೆ ತಾಗಲೂಬಾರದು. ಬೋಲ್ಟಿನ ತಲೆಯ ಮೇಲೆ 8.8 ಅಥವಾ ಹೆಚ್ಚಿನ ದರ್ಜೆಯ ಅಂಕೆ ಇರಲಿ. ಬಿಗಿಯುವುದು ಟಾರ್ಕ್ ರೆಂಚಿನಿಂದಲೇ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಆಗಬೇಕು. ಕೈ ಅಂದಾಜು ಸಾಲದು. ಅಂತರ ತುಂಬಲು ವಾಷರ್‌ಗಳನ್ನು ಒಂದರ ಮೇಲೊಂದು ಪೇರಿಸಲು ಬಿಡಬೇಡಿ.

ಇನ್ನು ರೆಸಿಸ್ಟರ್. ಏರ್‌ಬ್ಯಾಗ್ ಇಲ್ಲದ ಜಾಗದಲ್ಲಿ ಇದೆ ಎಂದು ಕಂಪ್ಯೂಟರಿಗೆ ನಂಬಿಸುವುದಷ್ಟೇ ಅದರ ಕೆಲಸ. ದೀಪ ಆರುತ್ತದೆ, ಪಕ್ಕದಿಂದ ಗುದ್ದಿದಾಗ ಎದೆಗೆ ಅಡ್ಡ ಬರಬೇಕಾದ ಚೀಲ ಮಾತ್ರ ಇರುವುದಿಲ್ಲ. ಮುಂದೆ ಆ ಕಾರನ್ನು ಕೊಳ್ಳುವವರಿಗೂ ಅದು ತಿಳಿಯುವುದಿಲ್ಲ ಎನ್ನುವುದು ನನಗೆ ಇನ್ನೂ ಹೆಚ್ಚು ಕಳವಳದ ವಿಷಯ. ರೆಸಿಸ್ಟರ್ ಹಾಕದೆ ದೀಪ ಉರಿಯುತ್ತಲೇ ಇರಲಿ ಎಂದು ಬಿಟ್ಟರೂ ಸುಖವಿಲ್ಲ: ಹಲವು ಕಾರುಗಳಲ್ಲಿ ಒಂದು ದೋಷ ದಾಖಲಾದರೆ ಉಳಿದ ಏರ್‌ಬ್ಯಾಗ್‌ಗಳ ಮೇಲೂ ಭರವಸೆ ಇಡಲಾಗುವುದಿಲ್ಲ. ಯಾವ ಕಾರಣಕ್ಕೇ ಸೀಟು ಬಿಚ್ಚಿದರೂ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾದ ನಂತರವೇ ಸೀಟಿನ ಕೆಳಗಿನ ಹಳದಿ ಕನೆಕ್ಟರನ್ನು ಮುಟ್ಟಬೇಕು. ಅದಕ್ಕೆ ಮೀಟರ್ ಹಚ್ಚಿ ಪರೀಕ್ಷಿಸುವುದಂತೂ ಕೂಡದು. ಒಳಗಿರುವುದು ಸಿಡಿಯುವ ವಸ್ತು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಆಸನ ಸಂಖ್ಯೆಯೂ ಆ ವಿವರಗಳಲ್ಲಿ ಒಂದು. ವಾಲದ ಬಕೆಟ್ ಸೀಟು ಹಾಕಿದ ಮೇಲೆ ಎರಡು ಬಾಗಿಲಿನ ನಿಮ್ಮ ಕಾರಿನ ಹಿಂದಿನ ಸೀಟಿಗೆ ಹೋಗುವ ದಾರಿಯೇ ಮುಚ್ಚುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ನಿಮ್ಮ ಬಳಕೆಯನ್ನು ನೋಡಿದರೆ ನನ್ನ ಸಲಹೆ ಇದು. ಬೆಂಗಳೂರು ಹೆದ್ದಾರಿಯ ಓಡಾಟಕ್ಕೆ ಕಂಪನಿ ಸೀಟುಗಳೇ ಇರಲಿ. ಅಲ್ಲಿ 100 ಕಿ.ಮೀ. ವೇಗದಲ್ಲಿ ನಿಮಗೆ ಬೇಕಾಗಿರುವುದು ಪಕ್ಕದ ಏರ್‌ಬ್ಯಾಗ್, ಆಯಾಸ ತಗ್ಗಿಸುವ ಕುಶನ್ ಮತ್ತು ಸರಿಯಾದ ಎತ್ತರದಿಂದ ಸಿಗುವ ನೋಟ. ಪಕ್ಕದ ಹಿಡಿತ ಕಡಿಮೆಯೆನಿಸಿದರೆ ಕುಶನ್ ಕೆಲಸ ಬಲ್ಲವರಿಂದ ಕೂರುವ ಭಾಗದ ಅಂಚಿನ ಫೋಮನ್ನು ಸ್ವಲ್ಪ ಗಟ್ಟಿ ಮಾಡಿಸಬಹುದು. ಬೆನ್ನಿನ ಹೊರ ಅಂಚನ್ನು ಮಾತ್ರ ಯಾರೂ ಮುಟ್ಟಬಾರದು, ಏಕೆಂದರೆ ಏರ್‌ಬ್ಯಾಗ್ ಹರಿದು ಬರಬೇಕಾದ ಹೊಲಿಗೆ ಅಲ್ಲಿದೆ. ಟ್ರ್ಯಾಕ್ ದಿನಗಳಿಗೆಂದು ಚಾಲಕನ ಬದಿಗೊಂದೇ ಬಕೆಟ್ ಸೀಟನ್ನು ಬೇಸ್ ಸಮೇತ ಸಿದ್ಧವಾಗಿಟ್ಟುಕೊಂಡು, ಬೋಲ್ಟು ಬಿಚ್ಚಿ ಅದಲುಬದಲು ಮಾಡಿಕೊಳ್ಳಿ.

ಆ ಸೀಟನ್ನು ಆನ್‌ಲೈನ್ ಚಿತ್ರ ನೋಡಿ ಕೊಳ್ಳದೆ, ಕೂತು ನೋಡಿ ಕೊಳ್ಳಿ. ಕೂತಾಗ ಸೊಂಟದ ಅಗಲ ನಿಂತಾಗಿನದಕ್ಕಿಂತ ಹೆಚ್ಚು; ಅಳತೆಯನ್ನು ಕೂತೇ ತೆಗೆಯಬೇಕು. ಹೆಲ್ಮೆಟ್ ಹಾಕಿಕೊಂಡು ಚಾವಣಿಗೆ ಎಷ್ಟು ಅಂತರ ಉಳಿಯುತ್ತದೆಂದು ನೋಡಿ. ಭುಜ ಸೀಟಿಗೆ ಒತ್ತಿರುವಾಗಲೇ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಯನ್ನು ಮುಟ್ಟಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು (ನಿಮ್ಮದು ಆಟೊಮ್ಯಾಟಿಕ್ ಆದರೆ ಬ್ರೇಕಿಗೆ ಇದೇ ಮಾತು). ಕಾರಿನ ಮೂಲ ಬೆಲ್ಟನ್ನೇ ಬಳಸುವುದಾದರೆ, ಸೀಟಿನ ಎತ್ತರದ ಅಂಚುಗಳು ಸೊಂಟದ ಪಟ್ಟಿಯನ್ನು ತೊಡೆಯಿಂದ ಮೇಲಕ್ಕೆತ್ತಿ ಹಿಡಿಯದೆ, ಅದು ಸೀಟಿನ ರಂಧ್ರದ ಮೂಲಕ ಹಾದು ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂರುವ ಬೆಲ್ಟು ಕರುಳು, ಯಕೃತ್ತುಗಳಿಗೆ ಪೆಟ್ಟು ಕೊಡುತ್ತದೆ.

ಪ್ರಶ್ನೆ: ಹಳೆಯ ರ‍್ಯಾಲಿ ಕಾರಿನಿಂದ ಬಿಚ್ಚಿದ, ಎಫ್‌ಐಎ ಲೇಬಲ್ ಇರುವ 2015ರ ಬಕೆಟ್ ಸೀಟು, 4 ಪಾಯಿಂಟ್ ಬೆಲ್ಟಿನ (ಎರಡು ಭುಜದ ಪಟ್ಟಿ, ಎರಡು ಸೊಂಟದ ಪಟ್ಟಿ) ಸಮೇತ ಕಡಿಮೆ ಬೆಲೆಗೆ ಸಿಗುತ್ತಿದೆ. ನನ್ನ ಪೋಲೊ ಜಿಟಿಗೆ ಹಾಕಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ಲೇಬಲ್ ಮೇಲೆ 8855-1999 ಎಂಬ ಮಾನದಂಡ ಸಂಖ್ಯೆ ಇದ್ದರೆ ಆ ಸೀಟಿನ ಸ್ಪರ್ಧಾ ಮಾನ್ಯತೆ ತಯಾರಾದ ವರ್ಷದಿಂದ ಐದು ವರ್ಷಕ್ಕೆ ಮುಗಿಯುತ್ತದೆ, ತಯಾರಕರೇ ಪರೀಕ್ಷಿಸಿ ಹೊಸ ಲೇಬಲ್ ಕೊಟ್ಟರೆ ಇನ್ನೆರಡು ವರ್ಷ. 8862-2009 ದರ್ಜೆಯದಾದರೆ ಅವಧಿ ಹತ್ತು ವರ್ಷ. ಎರಡೂ ಲೆಕ್ಕದಲ್ಲಿ 2015ರ ಸೀಟಿನ ಅವಧಿ ಮುಗಿದಿದೆ. ಅದಕ್ಕಿಂತ ಮುಖ್ಯವಾಗಿ, ರ‍್ಯಾಲಿಯಲ್ಲಿ ಅದು ತಿಂದ ಪೆಟ್ಟುಗಳ ಚರಿತ್ರೆ ನಿಮಗೆ ಸಿಗುವುದಿಲ್ಲ. ಬಟ್ಟೆಯ ಹೊದಿಕೆಯ ಅಡಿಯಲ್ಲಿ, ಪಕ್ಕದ ಬೋಲ್ಟು ರಂಧ್ರಗಳ ಸುತ್ತ ಕೂದಲೆಳೆಯಂಥ ಬಿರುಕು ಅಥವಾ ಬಿಳಿಚಿದ ಫೈಬರ್ ಕಂಡರೆ ಆ ಸೀಟು ಮುಗಿದ ಹಾಗೆಯೇ. ಮೇಲೆ ರಾಳ ಬಳಿದು ದುರಸ್ತಿ ಮಾಡಿದ್ದರೂ ಕೊಳ್ಳಬೇಡಿ.

ಬೆಲ್ಟಿನ ವಿಷಯದಲ್ಲಿ ನನ್ನ ಉತ್ತರ ಇನ್ನೂ ಖಡಾಖಂಡಿತ. ಭುಜದ ಪಟ್ಟಿಗಳು ಭುಜದಿಂದ ಹಿಂದಕ್ಕೆ ಬಹುತೇಕ ಅಡ್ಡಲಾಗಿ ಹೋಗಬೇಕು. ಜಾಗವಿಲ್ಲವೆಂದು ಅವನ್ನು ಸೀಟಿನ ಹಿಂದೆಯೇ ನೆಲಕ್ಕೆ ಬಿಗಿದರೆ, ಮುಂದಿನಿಂದ ಗುದ್ದಿದಾಗ ಅವು ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನು ಅದುಮುತ್ತವೆ. ರೋಲ್ ಕೇಜ್ (ಒಳಗಿನ ಉಕ್ಕಿನ ಕೊಳವೆಗಳ ರಕ್ಷಣಾ ಪಂಜರ) ಇಲ್ಲದ ಕಾರು ಮಗುಚಿದರೆ, ವಾಲದ ಸೀಟು ಮತ್ತು ಈ ಬೆಲ್ಟು ಸೇರಿ ನಿಮ್ಮನ್ನು ನೆಟ್ಟಗೆ ಕಟ್ಟಿಹಾಕಿರುತ್ತವೆ. ಚಾವಣಿ ಕುಸಿದಾಗ ತಲೆಯನ್ನು ಪಕ್ಕಕ್ಕೆ ಸರಿಸಲು ಎಡೆಯೇ ಇರುವುದಿಲ್ಲ. ರಸ್ತೆಯಲ್ಲಿ ಓಡುವ ಪೋಲೊಗೆ ಕಂಪನಿಯ ಮೂರು ಪಾಯಿಂಟ್ ಬೆಲ್ಟನ್ನೇ ಉಳಿಸಿಕೊಳ್ಳಿ. ಆ ಹಣದಲ್ಲಿ, ಸೀಟು ಸರಿಯುವ ಹಳಿ ಹಾಗೂ ಬೋಲ್ಟುಗಳನ್ನು ಪರೀಕ್ಷಿಸಿ ಬಿಗಿಸುವುದರ ಜೊತೆಗೆ, ಸವೆದ ಟೈರುಗಳಿದ್ದರೆ ಬದಲಾಯಿಸಿ.