ಕೋಖ್ ಸರಿಯೋ, ಗೋಖ್ ಸರಿಯೋ?

ವೇಲ್ಸ್ ಬಾವುಟದ ಕೆಂಪು ಡ್ರ್ಯಾಗನ್ನನ್ನು ಅಲ್ಲಿನವರು ‘ಅ ದ್ರೈಗ್ ಗೋಖ್’ ಎನ್ನುತ್ತಾರೆ, ಆದರೆ ಕಾರ್ಡಿಫ್ ಬಳಿಯ ಕೆಂಪು ಕೋಟೆಯ ಹೆಸರು ‘ಕಾಸ್ಟೆಲ್ ಕೋಖ್’. ಕೆಂಪಿಗೆ ಎರಡು ರೂಪ ಹೇಗೆ, ಒಂದು ಅಚ್ಚಿನ ದೋಷವಲ್ಲವೇ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಎರಡೂ ಸರಿ. ಮೂಲ ಪದ ಕೋಖ್. ಕೊನೆಯ ಅಕ್ಷರವನ್ನು ಉರ್ದುವಿನ ‘ಖಬರ್’ನ ಖಕಾರದಂತೆ ಗಂಟಲಿನಿಂದ ಹೊರಡಿಸಬೇಕು. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿಸಿಕೊಳ್ಳಿ: ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ವೆಲ್ಷ್ ಭಾಷೆಯಲ್ಲೂ ಪದದ ಮೊದಲ ಕ, ಟ, ಪ ಧ್ವನಿಗಳು ಗ, ಡ, ಬ ಆಗುತ್ತವೆ. ಆದರೆ ಅಲ್ಲಿ ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ವ್ಯಾಕರಣ. ಸ್ತ್ರೀಲಿಂಗದ ಏಕವಚನ ನಾಮಪದದ ನಂತರ ಬಂದ ಕೋಖ್ ಗೋಖ್ ಆಗುತ್ತದೆ. ಡ್ರ್ಯಾಗನ್ ಅಲ್ಲಿ ಸ್ತ್ರೀಲಿಂಗ, ಕೋಟೆ ಪುಲ್ಲಿಂಗ. ವೇಲ್ಸ್ ತಂಡದ ಫುಟ್‌ಬಾಲ್ ಅಭಿಮಾನಿಗಳು ತಮ್ಮನ್ನು ‘ಅ ವಾಲ್ ಗೋಖ್’, ಅಂದರೆ ಕೆಂಪು ಗೋಡೆ, ಎಂದು ಕರೆದುಕೊಳ್ಳುವುದೂ ಗೋಡೆ ಸ್ತ್ರೀಲಿಂಗವಾದ್ದರಿಂದಲೇ.

ಹಾಗಾದರೆ 14ನೇ ಶತಮಾನದ ಕವಿ ಯೋಲೋ ಗೋಖ್? ಅವನು ಗಂಡಸು! ವ್ಯಕ್ತಿನಾಮದ ನಂತರ ಬರುವ ಬಿರುದಿನ ಮೊದಲ ಅಕ್ಷರ ಗಂಡಸರ ವಿಷಯದಲ್ಲೂ ಹೀಗೆ ಮೆತ್ತಗಾಗುತ್ತದೆ. ಕೆಂಪು ಕೂದಲಿನವರಿಗೋ ಕೆಂಪು ಮೈಬಣ್ಣದವರಿಗೋ ಅಂಟಿದ ಈ ಬಿರುದೇ ಇಂಗ್ಲಿಷರ ಬಾಯಲ್ಲಿ ‘ಗಾಫ್’ ಎಂಬ ಮನೆತನದ ಹೆಸರಾಯಿತು.

ಊರು, ಹೊಳೆಗಳ ಹೆಸರಿನಲ್ಲಿ ಈ ಬಣ್ಣ ಬರಿಯ ಅಲಂಕಾರವಲ್ಲ. ಕಾಸ್ಟೆಲ್ ಕೋಖ್‌ಗೆ ಆ ಹೆಸರು ತಂದದ್ದು ಹಳೆಯ ಕೋಟೆಯ ಕೆಂಪು ಮರಳುಗಲ್ಲು. ಈಗ ಕಾಣುವುದು 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಲಿಯಂ ಬರ್ಜಸ್ ಅದರ ಅವಶೇಷದ ಮೇಲೆ ಕಟ್ಟಿದ ರೂಪ. ಆಂಗಲ್‌ಸೀ ದ್ವೀಪದ ಆಮ್ಲೂಖ್ ಬಳಿ ಹರಿಯುವ ‘ಆವೊನ್ ಗೋಖ್’ ಎಂಬ ಹೊಳೆಯನ್ನು ನೋಡಿದರೆ ಮನಸ್ಸು ಕಲಕುತ್ತದೆ. ಅಲ್ಲಿನ ಪ್ಯಾರಿಸ್ ಬೆಟ್ಟದ ಹಳೆಯ ತಾಮ್ರದ ಗಣಿಯಿಂದ ಜಿನುಗುವ ಆಮ್ಲೀಯ ನೀರಿನಲ್ಲಿ ಕಬ್ಬಿಣ ಕರಗಿ ಬಂದು, ಹೊಳೆಯ ತಳದಲ್ಲಿ ಕಾವಿ ಬಣ್ಣದ ಕೆಸರಾಗಿ ಕೂತಿದೆ.

ಇನ್ನೊಂದು ಮಾತು. ಕೋಖ್ ಲ್ಯಾಟಿನ್‌ನಿಂದ ಬಂದ ಪದ, ಕಡುಗೆಂಪು ಬಣ್ಣದ ಹೆಸರಿಗೆ ಸಂಬಂಧಿಸಿದ್ದು. ಅದಕ್ಕೂ ಮೊದಲಿನ, ವೆಲ್ಷ್ ಸೇರಿದ ಕೆಲ್ಟಿಕ್ ಭಾಷಾಕುಟುಂಬದ ಪದ ‘ರಿದ್’. ಅದು ನಮ್ಮ ‘ರುಧಿರ’ದ ಸಂಸ್ಕೃತ ಮೂಲಕ್ಕೆ ದಾಯಾದಿ. ಉತ್ತರ ವೇಲ್ಸಿನ ರಿದ್ಲಾನ್ ಊರಿನ ಹೆಸರಿಗೆ ಕೆಂಪು ದಡ ಎಂದರ್ಥ. ವೇಲ್ಸನ್ನು ಗೆದ್ದ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1284ರಲ್ಲಿ ತನ್ನ ಆಳ್ವಿಕೆಯ ಶಾಸನವನ್ನು ಹೊರಡಿಸಿದ್ದು ಅಲ್ಲಿಂದಲೇ. ಹತ್ತಿರದ ರಿಥಿನ್ ಊರಿನ ಹೆಸರಿಗೆ ಕೆಂಪು ಕೋಟೆ ಎಂದರ್ಥ. ವೇಲ್ಸ್ ನಕ್ಷೆಯಲ್ಲಿ ಕೆಂಪನ್ನು ಹುಡುಕುವಾಗ ಕೋಖ್, ಗೋಖ್‌ಗಳ ಜೊತೆಗೆ ಈ ಹಳೆಯ ಪದವನ್ನೂ ಗಮನದಲ್ಲಿಡಿ.

– ಸಂಪಾದಕ